ಹಂಪಿಗೆ ಹೊರಟವರು ಮೊದಲು ಕಮಲಾಪುರದಲ್ಲಿ ಇಳಿಯಿರಿ

ನಮ್ಮ ಕೊಪ್ಪಳದವರಿಗೆ ಹಂಪಿ ಅಂದರೆ ಬೀಗರು ಬಂದಾಗ ತೋರಿಸಿಕೊಂಡು ಬರುವ ಜಾಗ. ವಿರೂಪಾಕ್ಷನಿಗೆ ಕಾಯಿ ಒಡೆಸಿ, ಕಲ್ಲಿನ ರಥದ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಬಿಸಿಲೇರುವ ಹೊತ್ತಿಗೆ ಹೊಸಪೇಟೆಗೆ ಬಂದು ಉಂಡರೆ ಪ್ರವಾಸ ಮುಗಿಯಿತು. ದಾರಿಯಲ್ಲೇ ಸಿಗುವ ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯದ ಬೋರ್ಡನ್ನು ಎಲ್ಲರೂ ಓದಿರುತ್ತಾರೆ, ಒಳಗೆ ಕಾಲಿಟ್ಟವರು ಕಡಿಮೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಈ ಕ್ರಮವನ್ನು ತಿರುಗಾಮುರುಗಾ ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೊದಲು ಮ್ಯೂಸಿಯಂ, ಆಮೇಲೆ ಹಂಪಿ. ಯಾಕೆ ಅಂತ ಹೇಳುತ್ತೇನೆ.

ನನ್ನದು ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಅಂಗಡಿ. ನೀರು ಎಲ್ಲಿಂದ ಬರುತ್ತದೆ, ಎಷ್ಟು ಎತ್ತರಕ್ಕೆ ಏರಬೇಕು, ಎಲ್ಲಿ ಸೋರುತ್ತದೆ, ಇದನ್ನೇ ದಿನಾ ನೋಡುವ ಕಸುಬು. ಹಾಗಾಗಿ ಈ ಬರಹದಲ್ಲಿ ದೇವಸ್ಥಾನಕ್ಕಿಂತ ನೀರಿನ ಮಾತು ಜಾಸ್ತಿ ಬರುತ್ತದೆ. ಜೊತೆಗೆ ಬಂದವರು ನಮ್ಮಾಕಿ, ಏಳನೇ ಕ್ಲಾಸಿನ ಮಗಳು, ಎರಡನೇ ಕ್ಲಾಸಿನ ಮಗ, ಮತ್ತೆ ನಮ್ಮವ್ವ. ಅವ್ವನಿಗೆ ಮೊಣಕಾಲು ನೋವು. ಅಂಥವರನ್ನು ಕರೆದುಕೊಂಡು ಹೋಗುವ ಮನೆಗಳಿಗೂ ಇದು ಉಪಯೋಗಕ್ಕೆ ಬಂದೀತು.

ಕೊಪ್ಪಳದಿಂದ ಹೊಸಪೇಟೆ ಮೂವತ್ತು ಕಿಲೋಮೀಟರಿಗೆ ಸ್ವಲ್ಪ ಮೇಲೆ, ಅಲ್ಲಿಂದ ಕಮಲಾಪುರ ಹತ್ತು ಹನ್ನೆರಡು ಕಿಲೋಮೀಟರ್. ಬಸ್ಸಿಗೂ ಕೊರತೆಯಿಲ್ಲ. ಮ್ಯೂಸಿಯಂ ಬೆಳಿಗ್ಗೆ 10ಕ್ಕೆ ತೆಗೆದು ಸಂಜೆ 5ಕ್ಕೆ ಮುಚ್ಚುತ್ತದೆ, ಶುಕ್ರವಾರ ರಜೆ. ಊರಿಂದ ಹೊರಡುವ ಮುಂಚೆ ವಾರ ನೋಡಿಕೊಳ್ಳಿ. ದೊಡ್ಡವರಿಗೆ ₹40ರ ಒಂದೇ ಟಿಕೆಟ್ಟು, ಅದೇ ದಿನ ವಿಟ್ಠಲ ದೇವಸ್ಥಾನ, ಕಮಲ ಮಹಲಿನ ಆವರಣ, ಮ್ಯೂಸಿಯಂ ಮೂರಕ್ಕೂ ನಡೆಯುತ್ತದೆ. ಹದಿನೈದರ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಕೊಳ್ಳುವಾಗ ಕೌಂಟರಿನಲ್ಲಿ ಒಮ್ಮೆ ಕೇಳಿಕೊಂಡು ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮಗಳ ಕೈಗೆ ಕೊಟ್ಟರೆ ಇನ್ನೂ ಒಳ್ಳೆಯದು, ಈ ವಯಸ್ಸಿನವರು ಅಂಥ ಜವಾಬ್ದಾರಿಯನ್ನು ನಮಗಿಂತ ಚೆನ್ನಾಗಿ ಹೊರುತ್ತಾರೆ.

ಬ್ರಿಟಿಷರ ಕಾಲದಲ್ಲಿ ಹಂಪಿಯ ಸುತ್ತ ಬಿದ್ದಿದ್ದ ಶಿಲ್ಪಗಳನ್ನು ಒಟ್ಟುಮಾಡಿ ಆನೆ ಲಾಯದಲ್ಲಿ ಇಟ್ಟಿದ್ದರಂತೆ. 1972ರಲ್ಲಿ ಅವೆಲ್ಲ ಕಮಲಾಪುರದ ಈ ಕಟ್ಟಡಕ್ಕೆ ಬಂದವು. ಒಳಗೆ ಹೋಗುತ್ತಿದ್ದಂತೆ ಕೃಷ್ಣದೇವರಾಯ ಇಬ್ಬರು ರಾಣಿಯರ ಜೊತೆ ಕೈಮುಗಿದು ನಿಂತಿದ್ದಾನೆ. ತಿರುಮಲದ ದೇವಸ್ಥಾನದಲ್ಲಿರುವ ಲೋಹದ ಮೂರ್ತಿಗಳ ನಕಲು ಇವು. ಮಗ ಸಿನಿಮಾದ ರಾಜನನ್ನು ಕಣ್ಣಮುಂದೆ ಇಟ್ಟುಕೊಂಡು ಬಂದಿದ್ದ. ಎತ್ತರದ ಟೊಪ್ಪಿಗೆ ಹಾಕಿ ಕೈಮುಗಿದು ನಿಂತವನನ್ನು ಕಂಡು, "ಕತ್ತಿ ಎಲ್ಲೈತಿ?" ಅಂದ. ದೇವರ ಮುಂದೆ ಬಂದಾನಪ್ಪ, ಕತ್ತಿ ಹೊರಗ ಇಟ್ಟು ಬಂದಾನ ಅಂತ ಅವ್ವ ಹೇಳಿದಳು. ಅವನಿಗೆ ಒಪ್ಪಿಗೆಯಾಯಿತು.

ಇಲ್ಲಿಯ ಜೀವ ಇರುವುದು ನಡುವಿನ ಅಂಗಳದಲ್ಲಿ. ಇಡೀ ವಿಜಯನಗರವನ್ನು, ಹೊಳೆ, ಗುಡ್ಡ, ಕೋಟೆ, ಕೆರೆ, ಗುಡಿ, ಬೀದಿ ಸಮೇತ, ದೊಡ್ಡ ಮಾದರಿಯಾಗಿ ಮಾಡಿ ಬಯಲಿನಲ್ಲಿ ಹಾಸಿದ್ದಾರೆ. ಸುತ್ತಲೂ ನಡೆದು ಎಲ್ಲ ಕಡೆಯಿಂದ ನೋಡಬಹುದು. ಹಂಪಿಯಲ್ಲಿ ನಿಂತಾಗ ಏನು ಗೊತ್ತಾಗುವುದಿಲ್ಲವೋ ಅದು ಇಲ್ಲಿ ಗೊತ್ತಾಗುತ್ತದೆ. ಅಲ್ಲಿ ಕಣ್ಣೆದುರಿಗೆ ಒಂದು ಗುಡ್ಡ, ಒಂದು ಗೋಡೆ, ಒಂದು ಮಂಟಪ, ಅಷ್ಟೇ. ಇಲ್ಲಿ ಉತ್ತರಕ್ಕೆ ತುಂಗಭದ್ರೆ ಹೇಗೆ ಬಂಡೆಗಳ ನಡುವೆ ಹಾದುಹೋಗುತ್ತದೆ, ಆಚೆ ದಡದಲ್ಲಿ ಆನೆಗೊಂದಿ ಎಲ್ಲಿದೆ, ಗುಡ್ಡದ ಸಾಲುಗಳನ್ನೇ ಕೋಟೆಯ ಭಾಗ ಮಾಡಿಕೊಂಡು ನಡುನಡುವೆ ಗೋಡೆ ಕಟ್ಟಿದ್ದು ಹೇಗೆ, ಎಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಊರನ್ನು ಇಲ್ಲೇ ಯಾಕೆ ಕಟ್ಟಿದರು ಅಂತ ಮಕ್ಕಳಿಗೆ ಬಾಯಿಮಾತಲ್ಲಿ ಹೇಳುವ ಕೆಲಸ ಉಳಿಯುವುದಿಲ್ಲ.

ಮಗಳು ಎರಡು ಸುತ್ತು ಹಾಕಿ ಬಂದು ಕೇಳಿದಳು: "ಪಪ್ಪಾ, ಹೊಳಿ ಅಷ್ಟು ತಗ್ಗಿನ್ಯಾಗ ಐತಿ, ಅರಮನಿ ಈ ಕಡೆ ಮ್ಯಾಲ ಐತಿ. ನೀರು ಹೆಂಗ ತರ್ತಿದ್ರು?"

ನನ್ನ ಅಂಗಡಿಗೆ ಬರುವ ರೈತರು ಕೇಳುವ ಪ್ರಶ್ನೆಯೇ ಇದು. ಅವಳಿಗೆ ಉತ್ತರ ಹೇಳದೆ ಮಾದರಿಯಲ್ಲೇ ಹುಡುಕು ಅಂದೆ. ಕಮಲಾಪುರದ ಕೆರೆ ಕಣ್ಣಿಗೆ ಬಿತ್ತು. ಅರಮನೆಯ ಆವರಣದ ದಕ್ಷಿಣಕ್ಕಿದೆ ಅದು. ಆ ಕೆರೆಯಿಂದ ಅರಮನೆಗೆ ಬೆರಳಿನಿಂದ ಗಾಳಿಯಲ್ಲೇ ಒಂದು ಗೆರೆ ಎಳೆದಳು. ಈ ಒಂದು ಗೆರೆಗಾಗಿ ಮ್ಯೂಸಿಯಂಗೆ ಮೊದಲು ಬನ್ನಿ ಅನ್ನುತ್ತಿದ್ದೇನೆ. ಇಲ್ಲಿಂದ ಮುಂದೆ ಅವಳಿಗೆ ಹಂಪಿಯಲ್ಲಿ ಹುಡುಕುವುದಕ್ಕೆ ಏನೋ ಒಂದು ಸಿಕ್ಕಿತು, ಕಾಲೆಳೆದುಕೊಂಡು ಹಿಂದೆ ಬರುವ ಹುಡುಗಿ ಮುಂದೆ ಮುಂದೆ ಓಡಿದಳು.

ಉಳಿದ ಕೋಣೆಗಳಲ್ಲಿ ವೀರಭದ್ರ, ಭೈರವ, ಮಹಿಷಮರ್ದಿನಿ, ಗಣಪತಿ ಮೂರ್ತಿಗಳು, ಆಯುಧಗಳು, ತಾಮ್ರಪಟಗಳು, ನಾಣ್ಯಗಳು, ಮಣ್ಣಿನ ಮತ್ತು ಪಿಂಗಾಣಿಯ ಚೂರುಗಳು ಇವೆ. ವರಹಗಳನ್ನು ನೋಡಿ ಮಗನಿಗೆ ಬೇಜಾರು. ಬಂಗಾರದ ನಾಣ್ಯ ಅಂದರೆ ತಟ್ಟೆಯಷ್ಟು ಇರಬೇಕು ಅಂದುಕೊಂಡಿದ್ದ, ಇವು ಬೆರಳ ತುದಿಯಲ್ಲಿ ನಿಲ್ಲುವಷ್ಟು. ಗುಂಡಿ ಒತ್ತಿದರೆ ದೀಪ ಹತ್ತುವ, ತಿರುಗಿಸಿದರೆ ಚಕ್ರ ತಿರುಗುವ ಥರದ ಮ್ಯೂಸಿಯಂ ಇದಲ್ಲ. ಐದು ವರ್ಷದ ಒಳಗಿನ ಮಕ್ಕಳಿಗೆ ಅಂಗಳದ ಮಾದರಿಯೊಂದೇ ಸಾಕು, ಕೋಣೆಗಳಲ್ಲಿ ಅವರನ್ನು ಹಿಡಿದು ನಿಲ್ಲಿಸಿಕೊಳ್ಳಬೇಡಿ.

ಆದರೆ ವೀರಗಲ್ಲುಗಳ ಮುಂದೆ ನಿಲ್ಲಿ. ನಮ್ಮಲ್ಲಿ ಊರೂರಿಗೂ ವೀರಗಲ್ಲು ಇದ್ದಾವೆ, ಹನುಮಪ್ಪನ ಗುಡಿ ಪಕ್ಕ ಸುಣ್ಣ ಬಳಿಸಿಕೊಂಡು ನಿಂತಿರುತ್ತವೆ. ಅವನ್ನು ಓದುವುದು ಕೆಳಗಿನಿಂದ ಮೇಲಕ್ಕೆ: ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಅವ್ವನಿಗೆ ಶಾಲೆಯ ಓದು ಇಲ್ಲ. ಆದರೆ ಮಾಸ್ತಿಕಲ್ಲಿನ ಮುಂದೆ ಅವಳೇ ಮೊಮ್ಮಗಳನ್ನು ಕರೆದಳು. "ಬಾಯಿಲ್ಲಿ ಯವ್ವಾ, ಈ ಕೈ ನೋಡು." ಕಲ್ಲಿನಿಂದ ಚಾಚಿದ ಒಂದೇ ಒಂದು ತೋಳು, ಮೊಣಕೈ ಮಡಿಸಿ ಮೇಲೆತ್ತಿದ ಹಸ್ತ, ಮುಂಗೈ ತುಂಬ ಬಳೆ. ಗಂಡನ ಚಿತೆ ಏರಿದವಳ ಕಲ್ಲು ಇದು, ಬಳೆ ಒಡೆಸಿಕೊಳ್ಳದೇ ಹೋದಳು ಅನ್ನುವ ಗುರುತಿಗೆ ಬಳೆ ಕೆತ್ತುತ್ತಾರೆ, ನನ್ನ ತವರಿನ ಹೊಲದಾಗೂ ಒಂದು ಐತಿ ಅಂದಳು. ಮಗಳು ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ "ಆಕೀನ ಯಾರೂ ಕೇಳಲಿಲ್ಲೇನು ಆಯೀ?" ಅಂದಳು. ಅವ್ವ, "ಆಗ ಯಾರು ಕೇಳ್ತಿದ್ರವ್ವಾ" ಅಂತಷ್ಟೇ ಹೇಳಿ ಮುಂದೆ ನಡೆದಳು. ಮನೆಯಲ್ಲಿ ಈ ಮಾತು ಹೇಗೆ ಎತ್ತಬೇಕು ಅಂತ ಗೊತ್ತಾಗದ ತಂದೆತಾಯಿಗಳಿಗೆ ಆ ಕಲ್ಲು ದೊಡ್ಡ ಉಪಕಾರ ಮಾಡುತ್ತದೆ.

ಮ್ಯೂಸಿಯಂನಿಂದ ಹೊರಟು ನಾವು ಹಿಡಿದದ್ದು ನೀರಿನ ದಾರಿ. ರಾಣಿಯರ ಸ್ನಾನಗೃಹ ಮೊದಲು ಸಿಗುತ್ತದೆ. ಹದಿನೈದು ಮೀಟರ್ ಚೌಕದ ಕೊಳ, ಸುತ್ತಲೂ ಕಮಾನು, ಕಟ್ಟಡದ ಹೊರಗೆ ಕಂದಕದಂಥ ಕಾಲುವೆ. ಅಲ್ಲಿಂದ ರಾಜರ ಆವರಣ. ಮಹಾನವಮಿ ದಿಬ್ಬವನ್ನು ಹತ್ತುವವರು ಹತ್ತಲಿ, ಅವ್ವ ನೆರಳಲ್ಲಿ ಕೂತಳು. ನಾನು ಮಕ್ಕಳನ್ನು ಮೆಟ್ಟಿಲು ಪುಷ್ಕರಣಿಗೆ ಕರೆದುಕೊಂಡು ಹೋದೆ. ಇದು ನೂರಾರು ವರ್ಷ ಮಣ್ಣಿನಡಿ ಹೂತುಹೋಗಿತ್ತು, 1980ರ ದಶಕದ ಉತ್ಖನನದಲ್ಲಿ ಹೊರಬಂತು. ಹಂಪಿಯಲ್ಲಿ ಎಲ್ಲಿ ನೋಡಿದರೂ ಕಣಶಿಲೆ, ಇಲ್ಲಿ ಮಾತ್ರ ನುಣುಪಾದ ಕಪ್ಪು ಕಲ್ಲು, ಐದು ಹಂತದಲ್ಲಿ ಕೆಳಗೆ ಇಳಿಯುತ್ತದೆ.

ಕಲ್ಲುಗಳ ಮೈಮೇಲೆ ಸಣ್ಣ ಗುರುತುಗಳನ್ನು ಕೆತ್ತಿದ್ದಾರೆ, ಹತ್ತಿರ ಹೋಗಿ ಬಗ್ಗಿ ನೋಡಿದರೆ ಕಾಣುತ್ತವೆ. ಯಾವ ದಿಕ್ಕು, ಯಾವ ಸಾಲು, ಸಾಲಿನಲ್ಲಿ ಎಷ್ಟನೆಯದು ಅಂತ ಹೇಳುವ ಗುರುತು. ಅಂದರೆ ಕಲ್ಲುಗಳನ್ನು ಬೇರೆ ಕಡೆ ಅಳತೆಗೆ ಕಡೆದು, ನಂಬರು ಹಾಕಿ, ಇಲ್ಲಿಗೆ ತಂದು ಜೋಡಿಸಿದ್ದಾರೆ. ನಾನು ಮೋಟರ್ ಬಿಚ್ಚುವಾಗ ಯಾವ ಭಾಗ ಎಲ್ಲಿಯದು ಅಂತ ಮಾರ್ಕರಿನಿಂದ ಗುರುತು ಹಾಕಿಕೊಳ್ಳುವುದನ್ನು ಮಗ ಅಂಗಡಿಯಲ್ಲಿ ನೋಡಿದ್ದಾನೆ. "ನೀ ಹಾಕೋ ಹಂಗ ಹಾಕ್ಯಾರ!" ಅಂತ ಕುಣಿದ. ಆ ಕೆಲಸಗಾರರ ಹೆಸರು ಯಾವ ಶಾಸನದಲ್ಲೂ ನಾವು ಹುಡುಕಲಿಕ್ಕೆ ಹೋಗುವುದಿಲ್ಲ, ಆದರೆ ಅವರ ಕೈಬರಹ ಅಲ್ಲಿ ಇದೆ. ನನಗಂತೂ ಇಡೀ ಹಂಪಿಯಲ್ಲಿ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ.

ಪುಷ್ಕರಣಿಗೆ ನೀರು ಬರುತ್ತಿದ್ದದ್ದು ಕಂಬಗಳ ಮೇಲೆ ಇಟ್ಟ ಕಲ್ಲಿನ ದೋಣಿಗಳಿಂದ. ಒಂದೊಂದು ಕಲ್ಲನ್ನು ಉದ್ದಕ್ಕೆ ಕೊರೆದು ದೋಣಿ ಮಾಡಿ, ಒಂದರ ಬಾಯಿಗೆ ಇನ್ನೊಂದನ್ನು ಸೇರಿಸಿದ್ದಾರೆ. ಮಗ ಹುಡುಕಿದ್ದು ಒಂದೇ: "ಮೋಟರ್ ಎಲ್ಲೈತಿ ಪಪ್ಪಾ?" ಮೋಟರೂ ಇಲ್ಲ, ಕರೆಂಟೂ ಇಲ್ಲ, ಎಲ್ಲ ವಾಟದ ಮೇಲೆ ನಡೆದದ್ದು. ಕೆರೆಯ ನೀರಿನ ಮಟ್ಟ ಮೇಲೆ, ಪುಷ್ಕರಣಿ ಕೆಳಗೆ, ನಡುವಿನ ದಾರಿಯುದ್ದಕ್ಕೂ ನೀರು ನಿಲ್ಲದಷ್ಟು, ಉಕ್ಕದಷ್ಟು ಇಳಿಜಾರು. ಕೇಳಲಿಕ್ಕೆ ಸುಲಭ. ಮನೆಯ ಬಚ್ಚಲಿಗೆ ಸರಿಯಾದ ವಾಟ ಕೊಡಲಿಕ್ಕೆ ಇವತ್ತಿನ ಗೌಂಡಿಗಳು ಪೈಪಿನಲ್ಲಿ ನೀರು ತುಂಬಿ ಲೆವೆಲ್ ಹಿಡಿಯುತ್ತಾರೆ, ಆದರೂ ಮೂಲೆಯಲ್ಲಿ ನೀರು ನಿಲ್ಲುತ್ತದೆ. ಅಷ್ಟು ದೂರದ ಕಲ್ಲಿನ ಕಾಲುವೆಗೆ ವಾಟ ಹಿಡಿದವರ ಲೆಕ್ಕ ಎಂಥದ್ದಿರಬೇಕು! ನೀರಿನ ಬಾಟಲಿಯಲ್ಲಿದ್ದ ಸ್ವಲ್ಪ ನೀರನ್ನು ಒಂದು ರೊಟ್ಟಿ ಡಬ್ಬಿಯ ಮುಚ್ಚಳಕ್ಕೆ ಹಾಕಿ, ಮುಚ್ಚಳವನ್ನು ಕೂದಲೆಳೆಯಷ್ಟು ಓರೆ ಮಾಡಿ ತೋರಿಸಿದೆ. ನೀರು ಒಂದೇ ಕಡೆ ಸೇರಿತು. ಇಬ್ಬರಿಗೂ ತಿಳಿಯಿತು. ಹಳೆಯ ಕಲ್ಲಿನ ಮೇಲೆ ನೀರು ಸುರಿಯುವ ಪ್ರಯೋಗ ಮಾಡಬೇಡಿ, ಡಬ್ಬಿಯ ಮುಚ್ಚಳ ಸಾಕು.

ಕಲ್ಲಿನ ತಟ್ಟೆಗಳ ಸಾಲು ಇರುವ ಭೋಜನಶಾಲೆಯನ್ನು ತಪ್ಪಿಸಬೇಡಿ. ನಡುವೆ ನೀರಿನ ಕಾಲುವೆ, ಎರಡೂ ಬದಿಗೆ ಕಲ್ಲಿನಲ್ಲೇ ತಟ್ಟೆ, ಪಲ್ಯಕ್ಕೆ, ಸಾರಿಗೆ ಬೇರೆ ಬೇರೆ ಗುಳಿ. ನಮ್ಮಾಕಿ ನೋಡಿದ ಕೂಡಲೇ, "ತಟ್ಟಿ ತೊಳಿಯೋ ಕೆಲಸ ನೀರಿಗೇ ಬಿಟ್ಟಾರ ನೋಡ್ರಿ" ಅಂದಳು.

ಊಟದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬುತ್ತಿ ಕಟ್ಟಿಕೊಂಡು ಹೋಗುವುದೇ ವಾಸಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ, ಮೊಸರನ್ನ. ಹಿಂದೊಮ್ಮೆ ಒಂದು ಹೋಟೆಲಿನಲ್ಲಿ ಬೋರ್ಡಿನಲ್ಲಿ ಒಂದು ರೇಟು, ಬಿಲ್ಲಿನಲ್ಲಿ ಇನ್ನೊಂದು ರೇಟು ಕಂಡ ಮೇಲೆ ನಮ್ಮ ಮನೆಯಲ್ಲಿ ಬುತ್ತಿ ಖಾಯಂ ಆಗಿದೆ. ನೀರು ಮಾತ್ರ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತುಕೊಳ್ಳಿ, ಬಂಡೆಗಳು ಕಾದರೆ ಡಿಸೆಂಬರಿನಲ್ಲೂ ಮಧ್ಯಾಹ್ನ ಕಷ್ಟ. ಡಿಸೆಂಬರ್ ಅಂದರೆ ಶಾಲಾ ಪ್ರವಾಸದ ಬಸ್ಸುಗಳ ಕಾಲ ಕೂಡ. ಹತ್ತು ಗಂಟೆಗೇ ಮ್ಯೂಸಿಯಂ ಬಾಗಿಲಲ್ಲಿದ್ದರೆ ಮಾದರಿಯ ಸುತ್ತ ನಿಧಾನ ನಿಂತು ನೋಡಬಹುದು.

ವಿಟ್ಠಲ ದೇವಸ್ಥಾನಕ್ಕೆ ಬ್ಯಾಟರಿ ಗಾಡಿ ಇರುವುದರಿಂದ ಅವ್ವನಿಗೆ ಅನುಕೂಲವಾಯಿತು. ಐವತ್ತರ ನೋಟು ಹಿಡಿದು ರಥಕ್ಕೆ ಹೋಲಿಸಿ ನೋಡುವ ಕೆಲಸ ಮಗ ಮಾಡಿ ಮುಗಿಸಿದ. ಸಪ್ತಸ್ವರದ ಕಂಬಗಳನ್ನು ಈಗ ಬಡಿಯಲು ಬಿಡುವುದಿಲ್ಲ, ಅದು ಸರಿಯೇ. ಕಂಬ ಸವೆದರೆ ಮತ್ತೆ ಕೆತ್ತುವವರು ಯಾರಿದ್ದಾರೆ?

ವಾಪಸು ಬರುವಾಗ ಬಾಳೆ, ಕಬ್ಬು, ಭತ್ತದ ಗದ್ದೆಗಳ ನಡುವೆ ಗಾಡಿ ನಿಲ್ಲಿಸಿ 'ತುರ್ತು' ಅನ್ನುವ ಹೆಸರಿನ ಕಾಲುವೆ ತೋರಿಸಿದೆ. ವಿಜಯನಗರದ ಕಾಲದ ಕಾಲುವೆ, ಇವತ್ತಿಗೂ ಹೊಲಕ್ಕೆ ನೀರು ಉಣಿಸುತ್ತಿದೆ. ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗದ ವಸ್ತು ಇದು, ಇನ್ನೂ ಕೆಲಸದ ಮೇಲಿದೆ. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯ ಕಟ್ಟಿಸುತ್ತಿದ್ದ ಕೆರೆಯ ಕೆಲಸ ನೋಡಿ, ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಕಾಣುತ್ತಿದ್ದರು ಅಂತ ಬರೆದಿಟ್ಟಿದ್ದಾನೆ. ಆ ಕೆರೆಯ ಕಟ್ಟೆ ಕಟ್ಟಿದಂತೆ ಒಡೆಯುತ್ತಿತ್ತು ಅಂತಲೂ ಹೇಳುತ್ತಾನೆ. ಮಗಳಿಗೆ ಕೂಡಲೇ ನೆನಪಾದದ್ದು 2024ರ ಆಗಸ್ಟ್ 10ರ ರಾತ್ರಿ. ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ ನಮ್ಮ ಕಡೆಯ ಪ್ರತಿ ಮನೆಯಲ್ಲೂ ಅದೇ ಮಾತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸುವವರೆಗೆ ರೈತರಿಗೆ ನಿದ್ದೆ ಇರಲಿಲ್ಲ. ಹಂಪಿ ನೋಡಿ ಉಳಿದ ಹೊತ್ತಿದ್ದರೆ ಡ್ಯಾಮಿಗೂ ಹೋಗಿ. 133 ಟಿಎಂಸಿ ಅಂತ ಕಟ್ಟಿದ್ದು ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ ಅಂತ ಮಕ್ಕಳಿಗೆ ಹೇಳಿ. ನೀರು ಕಟ್ಟುವುದು ಎಷ್ಟು ಕಷ್ಟ, ಕಟ್ಟಿದ್ದನ್ನು ಕಾಪಾಡುವುದು ಇನ್ನೂ ಎಷ್ಟು ಕಷ್ಟ ಅನ್ನುವುದು ಹಂಪಿಯ ಕಲ್ಲಿನ ದೋಣಿ ನೋಡಿ ಬಂದ ಕಣ್ಣಿಗೆ ಬೇಗ ತಿಳಿಯುತ್ತದೆ.

ನಮ್ಮಾಕಿಯ ತವರು ಬಳ್ಳಾರಿ. ಹಾಗಾಗಿ ಹೊಸಪೇಟೆಯಿಂದ ಆ ಕಡೆಗೂ ನಮ್ಮ ಓಡಾಟ ಇದ್ದೇ ಇರುತ್ತದೆ. ಎರಡು ದಿನ ಕೈಲಿದ್ದರೆ ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯವನ್ನೂ ಸೇರಿಸಿಕೊಳ್ಳಿ. ಧಾರವಾಡದ ಪ್ರೊಫೆಸರ್ ರವಿ ಕೋರಿಶೆಟ್ಟರ್ ಅವರ ಪ್ರಯತ್ನದಿಂದ ಆದದ್ದು. ಫೂಟ್ ಭೂಗರ್ಭ ಸರ್ವೇಕ್ಷಣೆಯ ಅಧಿಕಾರಿ, 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧ ಗುರುತಿಸಿದವನು, ಬಳ್ಳಾರಿ ಸೀಮೆಯ ಗುಡ್ಡಗಳನ್ನೆಲ್ಲ ತಿರುಗಿದವನು. ಹಂಪಿಯ ಚರಿತ್ರೆ 1336ರಿಂದ ಶುರುವಾಗಿ 1565ರ ಯುದ್ಧಕ್ಕೆ ನಿಂತುಬಿಡುತ್ತದೆ ಅನ್ನುವ ಮಕ್ಕಳಿಗೆ, ಅದಕ್ಕೂ ಮೂರು ಸಾವಿರ ವರ್ಷ ಹಿಂದೆ ಇದೇ ಬಿಸಿಲಲ್ಲಿ ಜನ ದನ ಸಾಕಿ, ಬೆಳೆ ತೆಗೆದು, ಕಲ್ಲಿನ ಕೊಡಲಿ ಮಾಡಿ ಬದುಕಿದ್ದರು ಅಂತ ತೋರಿಸಬೇಕಾದರೆ ಬಳ್ಳಾರಿ ಪಕ್ಕದ ಊರು ಸಂಗನಕಲ್ಲು ಬೇಕು. ಅಲ್ಲಿಯ ಹಿರೇಗುಡ್ಡದಲ್ಲಿ ಕರಿಕಲ್ಲಿನ ಕೊಡಲಿ ತಯಾರಿಸುವ ದೊಡ್ಡ ಜಾಗವೇ ಇತ್ತು. ಅಗೆದಾಗ ಸಿಕ್ಕ ಸುಟ್ಟ ಕಾಳುಗಳಲ್ಲಿ ಹುರುಳಿ, ಹೆಸರು ಇದ್ದವು ಅಂದಾಗ ಅವ್ವ, "ಮತ್ತ ನಮ್ಮವರ ಅಲ್ಲೇನು ಅವರು" ಅಂದಳು. ಅಲ್ಲೇ ಹತ್ತಿರದ ಗುಡ್ಡದಲ್ಲಿ ಬಡಿದರೆ ಗಂಟೆಯಂತೆ ನುಡಿಯುವ ಬಂಡೆಗಳಿವೆ, ಬಡಿದು ಬಡಿದು ಬಿದ್ದ ಗುಳಿಗಳೂ ಇವೆ. ಸುತ್ತ ಕಲ್ಲುಗಣಿಗಾರಿಕೆ ನಡೆದು ಆ ಗುಡ್ಡಗಳಿಗೆ ಬಹಳ ಪೆಟ್ಟು ಬಿದ್ದಿದೆ. ಉಳಿದದ್ದಾದರೂ ಉಳಿಯಬೇಕು. ನಮ್ಮ ಜಿಲ್ಲೆಗಳ ಮಕ್ಕಳು ಕೂಗಿ ಕೇಳುವಷ್ಟು ಈ ವಿಷಯ ಅವರಿಗೆ ಗೊತ್ತಾಗಬೇಕು.

ಬಳ್ಳಾರಿ ದಾರಿಯಲ್ಲಿ ಕುಡತಿನಿ ಬರುತ್ತದೆ, ಅಲ್ಲಿ ಬೂದಿದಿಬ್ಬ ಇದೆ. ಹಂಪಿ ಹತ್ತಿರ ನಿಂಬಾಪುರದಲ್ಲೂ ಇಂಥದ್ದೊಂದಿದೆ, ಅದನ್ನು ವಾಲಿಯನ್ನು ಸುಟ್ಟ ಬೂದಿ ಅಂತ ಜನ ನಂಬುತ್ತಾರೆ. ಇಂಥ ದಿಬ್ಬಗಳನ್ನು ಅಗೆದು ಪರೀಕ್ಷಿಸಿದವರು ಹೇಳುವುದು ಇದು ದನದ ದೊಡ್ಡಿಗಳಲ್ಲಿ ಒಟ್ಟಾದ ಸಗಣಿ ಮತ್ತೆ ಮತ್ತೆ ಸುಟ್ಟು, ಕಾವಿಗೆ ಕರಗಿ ಗಟ್ಟಿಯಾದದ್ದು ಅಂತ. ಎರಡೂ ಮಾತನ್ನು ಮಕ್ಕಳಿಗೆ ಹೇಳಿ. ನಮ್ಮ ಮಗಳು ಎರಡನೆಯದನ್ನು ಕೇಳಿ, ಅಷ್ಟು ಬೂದಿಗೆ ಎಷ್ಟು ದನ ಬೇಕು, ಅಷ್ಟು ದನಕ್ಕೆ ಕುಡಿಯಲಿಕ್ಕೆ ಎಷ್ಟು ನೀರು ಬೇಕು ಅಂತ ಲೆಕ್ಕ ಹಾಕಲು ಕೂತಿದ್ದಾಳೆ.

ಶುಕ್ರವಾರ ಬಿಟ್ಟು ಯಾವತ್ತಾದರೂ ಹೋಗಿ, ಹತ್ತಕ್ಕೆ ಕಮಲಾಪುರದಲ್ಲಿರಿ. ಅಂಗಳದ ಮಾದರಿಗೆ ಒಂದು ತಾಸು ಕೊಡಿ, ಒಳಗಿನ ಕೋಣೆಗಳಿಗೆ ಮುಕ್ಕಾಲು ತಾಸು ಸಾಕು. ವಯಸ್ಸಾದವರಿದ್ದರೆ ಮಹಾನವಮಿ ದಿಬ್ಬ ಬಿಡಿ, ಪುಷ್ಕರಣಿ ಬಿಡಬೇಡಿ.